ಒಪ್ಪಿದೆ ಎನ್ನುವ ಮೊದಲು

ಪೆಲ್ಮೊ ಬೀರ್‌ನಿಂದ ತಾಯಿಯನ್ನು ನೋಡಿಕೊಂಡು ಹಿಂತಿರುಗಿದ ದಿನ ದೀಪದ ಬಟ್ಟಲುಗಳನ್ನು ಉಜ್ಜುವ ಸರದಿ ನಮ್ಮಿಬ್ಬರದಾಗಿತ್ತು. ತಳದಲ್ಲಿ ಗಟ್ಟಿಯಾಗಿ ಕೂತ ತುಪ್ಪವನ್ನು ಮರದ ಹೊಟ್ಟು ಹಾಕಿ ಒರೆಸಿ, ಆಮೇಲೆ ಹಳೆ ಬಟ್ಟೆಯಿಂದ ಹಿತ್ತಾಳೆಗೆ ಹೊಳಪು ಬರಿಸಬೇಕು. ಅವಳು ಒಂದು ಬಟ್ಟಲನ್ನು ಎತ್ತಿಕೊಂಡು ಅರ್ಧ ಉಜ್ಜಿ ಕೆಳಗಿಡುತ್ತಿದ್ದಳು. ಕೂಡಲೇ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು. ಬಿಟ್ಟಿದ್ದನ್ನೆಲ್ಲ ನಾನು ಮುಗಿಸುತ್ತ ಹೋದೆ.

"ಅಮ-ಲಾ ಹೇಗಿದ್ದಾರೆ?" ಎಂದು ಕೇಳಿದೆ. ಅವಳ ತಾಯಿಗೆ ಉಸಿರಿನ ಕಾಯಿಲೆ. ಡಾಕ್ಟರು ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು.

"ಇದ್ದಾರೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಾನೊಂದು ಸುಳ್ಳು ಹೇಳಿ ಬಂದಿದ್ದೀನಿ" ಎಂದಳು.

ನಮ್ಮ ವಿಹಾರದಲ್ಲಿ ಪೆಲ್ಮೊ ಸುಳ್ಳುಗಾತಿ ಎಂದು ಯಾರೂ ಹೇಳಲಾರರು. ಅವಳ ಮೇಲಿದ್ದ ದೂರುಗಳು ಬೇರೆ. ಕೂತಲ್ಲಿ ಕೂರುವುದಿಲ್ಲ. ಪಾಠದ ನಡುವೆ ಎದ್ದು ಕಿಟಕಿಗೆ ಹೋಗುತ್ತಾಳೆ. ಜಪವಿಲ್ಲದೆ ಜಪಮಣಿ ಉರುಳಿಸುತ್ತಾಳೆ. ವಾದದ ಅಂಗಳದಲ್ಲಿ ಅವಳ ಚಪ್ಪಾಳೆ ಮಾತಿಗಿಂತ ಮುಂಚೆ ಬೀಳುತ್ತದೆ, ಇಲ್ಲವೇ ಮಾತು ಮುಗಿದು ಎಲ್ಲರೂ ಮರೆತ ಮೇಲೆ.

ಅವಳು ಹುಟ್ಟಿದ್ದು ಕುಲು ಕಣಿವೆಯಲ್ಲಿ, ರಸ್ತೆ ಕೆಲಸದವರ ಗುಡಾರದಲ್ಲಿ. ತಾಯಿ ನೋರ್ಜೋಮ್ ಗಡಿ ದಾಟಿ ಬಂದ ಹೊಸದರಲ್ಲಿ ಅಲ್ಲಿ ಜಲ್ಲಿ ಒಡೆಯುತ್ತಿದ್ದಳು. ಆಮೇಲೆ ಬೀರ್‌ನ ನಮ್ಮ ನಿರಾಶ್ರಿತರ ವಸತಿಗೆ ಬಂದು ನೆಲೆಸಿದಳು. ಚಳಿಗಾಲ ಬಂತೆಂದರೆ ಲುಧಿಯಾನದಿಂದ ಸ್ವೆಟರ್ ತಂದು ಬಯಲು ನಾಡಿನ ಊರುಗಳ ಫುಟ್‌ಪಾತಿನಲ್ಲಿ ಹರವಿಕೊಂಡು ಕೂರುತ್ತಿದ್ದಳು. ಪೆಲ್ಮೊ ಪಕ್ಕದಲ್ಲಿ ಕೂತು, ಇದು ಯಾಕೆ ಕೆಂಪು, ಅವರು ಯಾಕೆ ಚೌಕಾಸಿ ಮಾಡುತ್ತಾರೆ, ನಾವು ಯಾಕೆ ಇಲ್ಲಿದ್ದೇವೆ ಎಂದು ತಲೆ ತಿನ್ನುತ್ತಿದ್ದಳಂತೆ. ವಿಹಾರಕ್ಕೆ ಬಿಡಲು ಬಂದ ದಿನ ನೋರ್ಜೋಮ್ ಹಿರಿಯ ಭಿಕ್ಷುಣಿಗೆ ಹೇಳಿದ ಮಾತು ನಮಗೆಲ್ಲ ಬಾಯಿಪಾಠ: "ಇವಳು ಕೆಟ್ಟವಳಲ್ಲ. ಆದ್ರೆ ಒಂದು ಮಾತಿಗೆ ಹತ್ತು ಯಾಕೆ ತರ್ತಾಳೆ. ನಿಮ್ಮಲ್ಲಿ ಉತ್ತರ ಇದ್ರೆ ಕೊಡಿ, ಇಲ್ದಿದ್ರೆ ಪಾತ್ರೆ ಕೊಡಿ."

ಮೊದಮೊದಲು ಪಾತ್ರೆಯನ್ನೇ ಕೊಟ್ಟರು. ಆಗೆಲ್ಲ ವಾದ ಗಂಡಸರ ಪಾಲು. ನಾವು ಪೂಜೆ ಓದುತ್ತಿದ್ದೆವು, ದೀಪ ಹಚ್ಚುತ್ತಿದ್ದೆವು. ನಮಗೂ ಅಂಗಳ ತೆರೆದಾಗ ಪೆಲ್ಮೊ ಪಾತ್ರೆ ಅಲ್ಲೇ ಬಿಟ್ಟು ಹೋದವಳು. ನಾನು ಗೋಡೆಯ ಬದಿ ಕೂತು ಕೇಳಿಸಿಕೊಂಡವಳು. ಕಲಿತದ್ದು ಅಷ್ಟೇ, ಅದೂ ಕಿವಿಯಿಂದ.

ಆ ಅಂಗಳದ ನಿಯಮ ಸಣ್ಣದು. ಪ್ರಶ್ನೆ ಹಾಕುವವಳು ನಿಂತಿರುತ್ತಾಳೆ, ಉತ್ತರ ಕೊಡುವವಳು ಕೂತಿರುತ್ತಾಳೆ. ನಿಂತವಳು ಎಡಗಾಲು ನೆಲಕ್ಕೆ ಅಪ್ಪಳಿಸಿ ಚಪ್ಪಾಳೆ ತಟ್ಟಿ ಒಂದು ಮಾತು ಮುಂದಿಡುತ್ತಾಳೆ, ಅದಕ್ಕೊಂದು ಹೇತು, ಅಂದರೆ ಕಾರಣ, ಕೊಡುತ್ತಾಳೆ. ಕೂತವಳು ಭಾಷಣ ಮಾಡುವಂತಿಲ್ಲ. ಹೇತು ಸುಳ್ಳಾದರೆ 'ಹೇತು ಸಿದ್ಧವಿಲ್ಲ' ಎನ್ನಬೇಕು. ಹೇತು ನಿಜವಿದ್ದರೂ ಅದರಿಂದ ಆ ಮಾತು ಹುಟ್ಟದಿದ್ದರೆ 'ವ್ಯಾಪ್ತಿಯಿಲ್ಲ' ಎನ್ನಬೇಕು. ಎರಡೂ ಸರಿಯಿದ್ದರೆ 'ಒಪ್ಪಿದೆ'. ಹೇತುವನ್ನೇ ಕೊಡದೆ ಹೇಳಿದರೆ 'ಯಾಕೆ'. ಈ ನಾಲ್ಕು ಬಿಟ್ಟು ಐದನೆಯದಿಲ್ಲ. ತನ್ನ ಮಾತಿಗೆ ತಾನೇ ಅಡ್ಡಬಿದ್ದವಳಿಗೆ ಸುತ್ತ ನಿಂತವರೆಲ್ಲ 'ತ್ಸಾ' ಎಂದು ಕೂಗುತ್ತಾರೆ, ನಾಚಿಕೆಯಾಗಬೇಕು ಎನ್ನುವ ಹಾಗೆ.

ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಮುಂದಿಟ್ಟ ಮಾತು ಪವಿತ್ರವಾದದ್ದಾದರೆ ಹೇತುವನ್ನು ಪರೀಕ್ಷಿಸದೆ 'ಒಪ್ಪಿದೆ' ಎಂದುಬಿಡುತ್ತೇವೆ. ಬುದ್ಧ ಹೇಳಿದ್ದು ನಿಜವೇ ತಾನೆ, ಅದಕ್ಕೆ ಕೊಟ್ಟ ಕಾರಣ ಸೊಟ್ಟಗಿದ್ದರೇನು ಎಂಬ ಭಾವ. ಸೊಟ್ಟ ಎನ್ನಲು ನಾಲಿಗೆ ಏಳುವುದಿಲ್ಲ.

ಬೀರ್‌ನಲ್ಲಿ ಪೆಲ್ಮೊ ಮಾಡಿದ್ದೂ ಅದನ್ನೇ. ನೋರ್ಜೋಮ್ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಸೊಸೆ ಯಾಂಗ್‌ಝೋಮ್ ಹೊರಗೆ ಬಟ್ಟೆ ಹರವುತ್ತಿದ್ದಳು. ಆಗ ತಾಯಿ, ಇಷ್ಟು ವರ್ಷ ಯಾರ ಮುಂದೆಯೂ ಆಡದ ಒಂದು ಮಾತು ಆಡಿದಳು. ಪೆಲ್ಮೊಗಿಂತ ಮುಂಚೆ ಒಂದು ಮಗು ಹುಟ್ಟಿತ್ತು, ಆ ಗುಡಾರದಲ್ಲೇ. ಬೆಳಿಗ್ಗೆ ಹುಟ್ಟಿ ಸಂಜೆಗೆ ಹೋಯಿತು.

"ಹೆಸರಿಡೋಕೂ ಆಗ್ಲಿಲ್ಲ" ಎಂದಳಂತೆ. "ಕಣ್ಣು ಬಿಟ್ಟು ನನ್ನ ನೋಡ್ತು. ಬರೀ ತೆರೆದ ಕಣ್ಣಲ್ಲ, ನೋಡ್ತು. ಈಗ ನಾನೂ ಹೊರಟಿದ್ದೀನಿ ಅಂತ ಕೇಳ್ತಿದ್ದೀನಿ. ಅದು ಎಲ್ಲಿಂದಾದ್ರೂ ಬಂದಿತ್ತಾ ಪೆಲ್ಮೊ, ಇಲ್ಲ ಆ ಗುಡಾರದಲ್ಲೇ ಶುರುವಾಯ್ತಾ? ಅಲ್ಲೇ ಶುರುವಾಗಿದ್ರೆ ಅಲ್ಲೇ ಮುಗೀತು ಅಂತಲೇ ಲೆಕ್ಕ. ಎಲ್ಲಿಂದಲೋ ಬಂದಿದ್ರೆ, ಎಲ್ಲಿಗೋ ಹೋಗಿರಬಹುದು."

"ಲಾಮಾ ಹೇಳಿಲ್ವಾ ಅಮ-ಲಾ? ಹಿಂದಿನ ಜನ್ಮ, ಮುಂದಿನ ಜನ್ಮ..."

"ಲಾಮಾ ಹೇಳ್ತಾರೆ. ಅವರು ಎಲ್ರಿಗೂ ಹೇಳ್ತಾರೆ. ನಾನು ನಿನ್ನ ಕೇಳ್ತಿದ್ದೀನಿ. ಇಷ್ಟು ವರ್ಷ ಅದನ್ನೇ ಚಪ್ಪಾಳೆ ತಟ್ಕೊಂಡು ಓದಿದ್ದೀಯಲ್ಲ. ನಂಬಿದ್ದೀಯಾ ಅಂತ ಕೇಳ್ತಿಲ್ಲ. ನಿನಗೆ ಗೊತ್ತಾ?"

"ಗೊತ್ತು" ಎಂದಳು ಪೆಲ್ಮೊ. ತಡವರಿಸಲೂ ಇಲ್ಲ.

ನೋರ್ಜೋಮ್ ಕಣ್ಣು ಮುಚ್ಚಿ, ಒಂದು ಹೊರೆ ಇಳಿಸಿದವಳ ಹಾಗೆ ಉಸಿರು ಬಿಟ್ಟಳು. ಆ ಉಸಿರೇ ಪೆಲ್ಮೊಗೆ ಮುಳ್ಳಾಯಿತು.

ಬಟ್ಟಲು ಉಜ್ಜುತ್ತ ಇಷ್ಟನ್ನೂ ಹೇಳಿ, "ನನಗೆ ಗೊತ್ತಿಲ್ಲ. ನಂಬಿಕೆ ಇದೆ, ಅಷ್ಟೆ" ಎಂದಳು.

"ನಂಬಿಕೆ ಸಾಲದಾ? ನನಗೆ ಸಾಕಾಗಿದೆ" ಎಂದೆ.

"ನೀವು ನಂಬಿಕೆಯಿಂದ ಬದುಕ್ತೀರಿ, ಅದು ಸರಿ. ಅವರು ಕೇಳಿದ್ದು ಅದಲ್ಲ. ಬೇರೆ ಕೇಳಿದ್ದಕ್ಕೆ ಇದನ್ನ ಕೊಟ್ಟು ಬಂದೆ."

ಅಮ-ಲಾ ಹೋಗುವುದರೊಳಗೆ ಒಂದೋ ಅದು ನಿಜವಾಗಿ ತಿಳಿಯಬೇಕು, ಇಲ್ಲವೇ ಹೋಗಿ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ಅಲ್ಲಿಂದ ಮುಂದೆ ಅವಳಿಗೆ ಅದೊಂದೇ ಧ್ಯಾನ.

ಮರುದಿನ ಸಂಜೆ ಅಂಗಳದಲ್ಲಿ ಅವಳು ಕೂರುವ ಸರದಿ. ನಿಂತವಳು ಲ್ಹಾದೋನ್, ನಮ್ಮೆಲ್ಲರಿಗಿಂತ ಹಿರಿಯಳು, ಎಲ್ಲರಿಗೂ ಅಚಾ-ಲಾ, ಅಕ್ಕ. ಅವಳು ಚಪ್ಪಾಳೆ ತಟ್ಟಿದರೆ ಛಾವಣಿಯ ಪಾರಿವಾಳಗಳು ಏಳುತ್ತವೆ. ಒಳ್ಳೆಯ ಹೆಂಗಸು, ಆದರೆ ಸೋಲುವ ಅಭ್ಯಾಸವಿಲ್ಲ. ಪೆಲ್ಮೊ ತಾನೇ ಹೋಗಿ ಆ ವಿಷಯ ಎತ್ತಲು ಕೇಳಿಕೊಂಡಿದ್ದಳು.

"ಆಗತಾನೇ ಹುಟ್ಟಿದ ಶಿಶುವಿನ ಅರಿವು" ಎಂದಳು ಲ್ಹಾದೋನ್, "ಅದಕ್ಕೂ ಮುಂಚಿನ ಅರಿವೊಂದರಿಂದ ಬಂದದ್ದು. ಹೇತು: ಅದು ಅರಿವು." ಚಪ್ಪಾಳೆ.

ಇದು ನಮ್ಮಲ್ಲಿ ಹಳೆಯ ವಾದ. ಸಣ್ಣ ಹುಡುಗಿಯರೂ ಇದಕ್ಕೆ 'ಒಪ್ಪಿದೆ' ಎಂದು ಮುಂದಿನದಕ್ಕೆ ಹೋಗುತ್ತಾರೆ. ಪೆಲ್ಮೊ ಕೂತಲ್ಲೇ ಹೊರಳಾಡಿದಳು. ಶಿಶು ಎಂಬ ಮಾತು ಕೇಳಿದಾಗ ಅವಳ ಮುಖ ಸಣ್ಣಗಾದದ್ದನ್ನು ನಾನು ಗೋಡೆಯ ಬದಿಯಿಂದ ನೋಡಿದೆ.

"ವ್ಯಾಪ್ತಿಯಿಲ್ಲ" ಎಂದಳು.

ಅಂಗಳದಲ್ಲಿ ತಲೆಗಳೆಲ್ಲ ಅವಳ ಕಡೆ ತಿರುಗಿದವು. ಆಮೇಲೆ ಯಾರೋ ನಕ್ಕರು.

"ಏನಂದೆ?"

"ವ್ಯಾಪ್ತಿಯಿಲ್ಲ ಅಚಾ-ಲಾ. ಅರಿವಾಗಿದ್ದೆಲ್ಲ ಮುಂಚಿನ ಅರಿವಿನಿಂದ್ಲೇ ಬಂದಿರಬೇಕು ಅನ್ನೋದು ನನಗೆ ಸಿಕ್ಕಿಲ್ಲ."

"ಹಾಗಾದ್ರೆ ಹಿಂದಿನ ಜನ್ಮ ಇಲ್ಲ ಅಂತೀಯಾ? ಸನ್ಯಾಸ ತಗೊಂಡು ಚಾರ್ವಾಕರ ಮಾತಾಡ್ತೀಯಾ?"

"ಇಲ್ಲ ಅಂದೆನಾ? ಈ ಹಗ್ಗ ಹಿಡ್ಕೊಂಡು ಆ ಬೆಟ್ಟ ಹತ್ತೋಕಾಗಲ್ಲ ಅಂದೆ. ಬೆಟ್ಟ ಇಲ್ಲ ಅಂದೆನಾ?"

ನಾಲ್ಕು ಉತ್ತರದ ನಿಯಮ ಮುರಿದು ಹೋಗಿತ್ತು. ಅದನ್ನು ಮುರಿದದ್ದು ಯಾರು ಎಂದು ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಲ್ಹಾದೋನ್ ಜಪಮಾಲೆಯನ್ನು ಮೊಣಕೈವರೆಗೆ ಸರಿಸಿದಳು. "ನಿನ್ನೆಯ ಅರಿವು ಮೊನ್ನೆಯದರಿಂದ ಬಂತಾ ಇಲ್ವಾ? ಇವತ್ತಿಂದು ನಿನ್ನೆಯದರಿಂದ?"

"ಒಪ್ಪಿದೆ."

"ನಿಂದು ಹಾಗೆ, ನಂದು ಹಾಗೆ, ಇಲ್ಲಿರೋ ಎಲ್ರದ್ದೂ ಹಾಗೆ?"

"ಒಪ್ಪಿದೆ."

"ಅಂದ್ಮೇಲೆ ಅರಿವೆಲ್ಲ ಹಾಗೇ." ಚಪ್ಪಾಳೆ, ಪಾರಿವಾಳ.

"ಆ ಎಲ್ಲದರೊಳಗೆ ಶಿಶುವಿನ ಮೊದಲ ಅರಿವನ್ನೂ ಸೇರಿಸ್ಕೊಂಡ್ರಾ ಅಚಾ-ಲಾ? ಸೇರಿಸ್ಕೊಂಡಿದ್ರೆ ಯಾವುದನ್ನ ತೋರಿಸಬೇಕೋ ಅದನ್ನ ಮೊದಲೇ ಸೆರಗಿಗೆ ಕಟ್ಕೊಂಡು ಬಂದಿದ್ದೀರಿ. ಸೇರಿಸ್ಕೊಳ್ದಿದ್ರೆ ನಿಮ್ಮ ಎಲ್ಲ ಅನ್ನೋದು ಎಲ್ಲ ಅಲ್ಲ."

ಲ್ಹಾದೋನ್ ಸರಿಸಿದ್ದ ಜಪಮಾಲೆಯನ್ನು ಮತ್ತೆ ಮಣಿಕಟ್ಟಿಗೆ ಇಳಿಸಿಕೊಂಡಳು. ಆದರೆ ಸುತ್ತ ನಿಂತವರಿಗೆ ಪೆಲ್ಮೊ ಹೇಳಿದ್ದು ತಲುಪಿರಲಿಲ್ಲ. ತಲುಪಿದ್ದು ಅವಳ ಅಧಿಕಪ್ರಸಂಗ ಮಾತ್ರ. ಒಬ್ಬಳು ತ್ಸಾ ಎಂದಳು, ಎಲ್ಲರೂ ಹಿಡಿದರು. ತ್ಸಾ, ತ್ಸಾ ಎಂದು ಕೈ ಬೀಸುತ್ತ ಹತ್ತಿರ ಬಂದರು. ತಲೆಯ ಮೇಲೆ ಅಷ್ಟು ಕೈಗಳು ಆಡುವಾಗ ಎಂಥವಳೂ ಕುಗ್ಗುತ್ತಾಳೆ. ಪೆಲ್ಮೊ ಕಿವಿ ಕೆಂಪಾಗಿಸಿಕೊಂಡು, "ಒಪ್ಪಿದೆ" ಎಂದಳು. ಹೋ ಎಂದು ಕೂಗು ಎದ್ದಿತು. ಲ್ಹಾದೋನ್ ಸುಸ್ತಾದ ನಗು ನಕ್ಕು ಕೂತುಬಿಟ್ಟಳು.

ಅಡುಗೆಮನೆಯಲ್ಲಿ ಥುಕ್ಪಾ ಬಡಿಸುವಾಗ ಪೆಲ್ಮೊ ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು. "ಈಗ ನೋಡಿ" ಎಂದಳು ನನಗೆ. "ಗಲಾಟೆ ನಿಲ್ತು. ನನ್ನ ಒಪ್ಪಿಗೇನೂ ಅದರ ಜೊತೇಲೇ ಎದ್ದು ಹೋಯ್ತು. ಒಂದು ಚೂರೂ ಉಳಿದಿಲ್ಲ. ಚಪ್ಪಾಳೆ ಹೊಡೆದು ಒಪ್ಪಿಸಿದ್ದು ಚಪ್ಪಾಳೆ ಇರೋವರೆಗೆ ಮಾತ್ರ. ಹಾಗಾದ್ರೆ ಚಪ್ಪಾಳೆ ನಿಂತ ಮೇಲೂ ನಿಲ್ಲುತ್ತಲ್ಲ, ಅದನ್ನ ನಿಲ್ಲಿಸೋದು ಏನು?"

"ಮೊದಲು ಉಣ್ಣು, ಆರಿಹೋಗುತ್ತೆ" ಎಂದೆ. ನನ್ನ ಬಳಿ ಇದ್ದ ಉತ್ತರ ಅದೊಂದೇ.

ನಮಗೆ ಪಾಠ ಹೇಳುವವರು ಗೆನ್ ಥಾರ್ಚಿನ್. ವಯಸ್ಸಾದವರು, ಮೊಣಕಾಲು ನೋವು. ಬೆಳಿಗ್ಗೆ ವಿಹಾರದ ಸುತ್ತ ಕೋಲೂರಿಕೊಂಡು ಪ್ರದಕ್ಷಿಣೆ ಬರುತ್ತಾರೆ. ಪೆಲ್ಮೊ ಅವರಿಗಿಂತ ಎರಡು ಹೆಜ್ಜೆ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಿದ್ದಳು. ನಾನು ಹಿಂದಿನಿಂದ ಪ್ರಾರ್ಥನಾಚಕ್ರಗಳನ್ನು ತಿರುಗಿಸುತ್ತ ಬರುತ್ತಿದ್ದೆ.

"ನಿನ್ನೆ ನೀನು ಎತ್ತಿದ ಆಕ್ಷೇಪ ಸರಿಯಾಗಿತ್ತು" ಎಂದರು ಗೆನ್. "ಆಮೇಲೆ ಒಪ್ಪಿದೆ ಅಂದಿದ್ದು ತಪ್ಪು."

"ಗೊತ್ತು ಗೆನ್-ಲಾ. ಆದ್ರೆ ಆಕ್ಷೇಪ ಸರಿ ಅಂದ್ರೆ ಯಾವ ವಾದವೂ ನಿಲ್ಲಲ್ವಲ್ಲ. ಎಲ್ಲದರಲ್ಲೂ ಎಲ್ಲ ಅನ್ನೋ ಮಾತು ಬರುತ್ತೆ. ಎಲ್ಲದರೊಳಗೆ ಇದೂ ಸೇರಿದ್ರೆ ವಾದ ಹೊಸದೇನೂ ಹೇಳಲ್ಲ. ಸೇರದಿದ್ರೆ ಇದಕ್ಕೆ ಮುಟ್ಟಲ್ಲ."

"ವ್ಯಾಪ್ತಿ ಅಂದ್ರೆ ನೀನು ರಾಶಿ ಅಂದ್ಕೊಂಡಿದ್ದೀಯ. ಒಂದೊಂದೇ ಎಣಿಸಿ ಗುಡ್ಡೆ ಹಾಕಿದ್ದು." ಗೆನ್ ನಿಂತು ಮೊಣಕಾಲು ತಿಕ್ಕಿಕೊಂಡರು. "ನೀರು ಕಡೆದ್ರೆ ಬೆಣ್ಣೆ ಬರುತ್ತಾ?"

"ಇಲ್ಲ."

"ಎಷ್ಟು ಕೊಡ ಕಡೆದು ನೋಡಿದ್ದೀ? ಲೋಕದಲ್ಲಿರೋ ಕೊಡ ಎಲ್ಲ ಕಡೆದ್ಯಾ?"

"ಒಂದೂ ಇಲ್ಲ. ಬೆಣ್ಣೆ ಏನು ಅಂತ ಗೊತ್ತು, ನೀರು ಏನು ಅಂತ ಗೊತ್ತು."

"ಅದು ಎಣಿಕೆ ಅಲ್ಲ, ನಂಟು. ಇದು ಹೀಗಿರೋದಕ್ಕೇ ಅದು ಬರೋದು, ಅಂತ ಒಂದು ಕಡೆ ಸರಿಯಾಗಿ ಕಂಡ್ರೆ, ಕಾಣದೆ ಇರೋ ಕೊಡವೂ ಅದರೊಳಗೆ ಬಂತು. ಸೆರಗಿಗೆ ಕಟ್ಕೊಂಡು ಬಂದಿದ್ದಲ್ಲ. ಲ್ಹಾದೋನ್ ರಾಶಿ ತೋರಿಸಿದ್ಲು, ನೀನು ರಾಶಿ ಸಾಲದು ಅಂದೆ. ಇಬ್ರೂ ನಂಟನ್ನ ನೋಡ್ಲಿಲ್ಲ."

ಪೆಲ್ಮೊ ಸ್ವಲ್ಪ ದೂರ ನಡೆದಳು. ತಿರುಗಿ ಬಂದಳು.

"ತಣ್ಣಗಿರೋ ಕಟ್ಟಿಗೆ ತಿಕ್ಕಿದ್ರೆ ಬಿಸಿ ಬೆಂಕಿ ಬರುತ್ತೆ. ಒಂದರಿಂದ ಇನ್ನೊಂದು ಜಾತೀದು ಹುಟ್ತು ತಾನೆ? ಹಾಗೇ ಜಡದಿಂದ ಅರಿವು ಯಾಕೆ ಹುಟ್ಟಬಾರದು?"

ಗೆನ್ ಮುಖ ಅರಳಿತು. "ಒಳ್ಳೆ ಏಟು. ಕಟ್ಟಿಗೆಯೊಳಗೆ ಬಿಸಿ ಆಗೋಕೆ ಒದಗೋದು ಏನಿತ್ತು ಅಂತ ಹುಡುಕು. ಆಮೇಲೆ ಅರಿವಿನ ಕಡೆ ನೋಡು. ನಿನ್ನೊಳಗೆ ಒಂದು ಅರಿವು ಶುರುವಾಗೋ ಜಾಗ ಸಿಗುತ್ತಾ ನೋಡು. ಬೆಣ್ಣೆ ಏನು ಅಂತ ನೀನು ಮೊಸರು ಕಡೆದು ತಿಳ್ಕೊಂಡೆ. ಇದನ್ನೂ ನೀನೇ ಕಡೀಬೇಕು. ನಾನು ಕಡೆದ್ರೆ ಬೆಣ್ಣೆ ನಂದಾಗುತ್ತೆ."

"ಹುಡುಕಿ ಸಿಕ್ತು ಅಂತಿಟ್ಕೊಳ್ಳಿ. ಹೇತು ಸರಿ, ವ್ಯಾಪ್ತಿ ಸರಿ. ಆಮೇಲೆ ಮೂರನೇದಕ್ಕೆ, 'ಆದ್ದರಿಂದ' ಅನ್ನೋದಕ್ಕೆ, ನನ್ನ ತಳ್ಳೋದು ಯಾರು? ಎರಡನ್ನೂ ಒಪ್ಪಿ ಸುಮ್ನೆ ಕೂತ್ರೆ?"

"ಯಾರೂ ತಳ್ಳಲ್ಲ. ತಳ್ಳಿಸಿಕೊಂಡು ಬಂದದ್ದು ತಿಳಿವಲ್ಲ, ನಿನ್ನೆ ಸಂಜೆ ನೋಡಿದೆಯಲ್ಲ. ಎರಡನ್ನೂ ಒಟ್ಟಿಗೆ ಹಿಡಿದವಳು ಮೂರನೇದಕ್ಕೆ ಹೋಗಬೇಕಾಗಿಲ್ಲ, ಅಲ್ಲೇ ಇರ್ತಾಳೆ. ನಿನ್ನ ಕಷ್ಟ ಏನು ಗೊತ್ತಾ? ಒಂದನ್ನ ಎತ್ಕೊಂಡಾಗ ಇನ್ನೊಂದನ್ನ ಕೆಳಗಿಡ್ತೀ."

ಆ ಮಾತು ಅವಳಿಗೆ ನಾಟಿತು. ಗೆನ್ ಅಲ್ಲಿಗೇ ಬಿಡಲಿಲ್ಲ. ಆ ಸಂಜೆ ಪೆಲ್ಮೊಳನ್ನು ನಿಲ್ಲಿಸಿ ಲ್ಹಾದೋನಳನ್ನು ಕೂರಿಸಿದರು. ಅದೇ ವಾದ, ತಿರುಗಿಸಿ.

"ಆಗತಾನೇ ಹುಟ್ಟಿದ ಶಿಶುವಿನ ಅರಿವು ಮುಂಚಿನ ಅರಿವಿನಿಂದ..."

"ಒಪ್ಪಿದೆ" ಎಂದಳು ಲ್ಹಾದೋನ್.

"ಅಚಾ-ಲಾ, ನಾನಿನ್ನೂ ಹೇತು ಹೇಳಿಲ್ಲ."

"ಹೇಳೋದ್ಯಾಕೆ? ಗೊತ್ತಿರೋದೇ ತಾನೆ. ಹೇಳು ಬೇಕಾದ್ರೆ, ಅದಕ್ಕೂ ಒಪ್ಪಿದೆ. ಚಳಿ ಬೀಳ್ತಿದೆ, ಬೇಗ ಮುಗಿಸು."

ಅಂಗಳವೆಲ್ಲ ನಕ್ಕಿತು. ಪೆಲ್ಮೊ ಎತ್ತಿದ ಕೈಯನ್ನು ತಟ್ಟದೆಯೇ ಇಳಿಸಿದಳು. ಗೆನ್ ಪಕ್ಕದಿಂದ ಹೇಳಿದರು: "ಹೊಟ್ಟೆ ತುಂಬಿದವಳ ಮುಂದೆ ಅಡುಗೆ ಇಟ್ಟ ಹಾಗಾಯ್ತು. ಹೇತು ಎಷ್ಟೇ ಸರಿಯಾಗಿರಲಿ, ಕೇಳೋಳಿಗೆ ಅನುಮಾನ ಇಲ್ದಿದ್ರೆ ಅವಳ ಪಾಲಿಗೆ ಅದು ಹೇತುವೇ ಅಲ್ಲ. ಗ್ರಂಥದಲ್ಲೇ ಇದೆ, ಎಲ್ರೂ ಓದಿ ಮರೀತಾರೆ. ತಿಳೀಬೇಕು ಅನ್ನೋ ಬೇಗೆ ಇರಬೇಕು. ಈ ಅಂಗಳದಲ್ಲಿ ಸದ್ಯಕ್ಕೆ ಅದು ಪೆಲ್ಮೊಗೆ ಬಿಟ್ರೆ ಯಾರಿಗೂ ಇಲ್ಲ."

ಲ್ಹಾದೋನ್‌ಗೆ ಇದು ಹಿಡಿಸಲಿಲ್ಲ. ರಾತ್ರಿಯ ಪೂಜೆಗೆ ಹೋಗುವಾಗ, "ಅನುಮಾನ ಇರೋದು ಈಗ ದೊಡ್ಡ ಪುಣ್ಯ ಆಗೋಯ್ತು" ಎಂದು ನನಗೆ ಕೇಳುವ ಹಾಗೆ ಗೊಣಗಿದಳು. ಪೆಲ್ಮೊಗೂ ಅದರಿಂದ ಸಮಾಧಾನವಾಗಲಿಲ್ಲ. ತನ್ನ ಬೇಗೆಯನ್ನು ಹೊಗಳಿದರೆ ಬೀರ್‌ನ ಮಂಚದ ಮೇಲಿರುವವಳಿಗೆ ಏನು ಬಂತು?

ಮುಂದಿನ ದಿನಗಳಲ್ಲಿ ಅವಳನ್ನು ನೋಡುವುದೇ ಕಷ್ಟವಾಯಿತು. ಪೂಜೆಯ ನಡುವೆ ತುಟಿ ನಿಂತುಬಿಡುತ್ತಿತ್ತು. ಬೆಳಿಗ್ಗೆ ಎಚ್ಚರವಾಗುವ ಹೊತ್ತಿಗೆ ಕಾದು, ಮೊದಲ ಅರಿವು ಎಲ್ಲಿಂದ ಏಳುತ್ತದೆ ಎಂದು ಹಿಡಿಯಲು ಹೋಗುತ್ತಿದ್ದಳು. "ಇದೇ ಶುರು ಅಂತ ಕೈ ಹಾಕ್ತೀನಿ. ಕೈ ಹಾಕೋಳು ಅದಕ್ಕೂ ಮುಂಚೆ ಅಲ್ಲಿರ್ತಾಳೆ" ಎಂದಳು ಒಮ್ಮೆ. ಇನ್ನೊಮ್ಮೆ, "ಹಾಗಂತ ನನಗೆ ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಾಗುತ್ತಾ?" ಎಂದು ತಾನೇ ಕಡೆದದ್ದನ್ನು ತಾನೇ ಚೆಲ್ಲಿದಳು. ನಾನು ಅವಳಿಗಾಗಿ ತಾರಾದೇವಿಯ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ, ಯಾಕೆ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಆಫೀಸಿನ ಫೋನಿಗೆ ಯಾಂಗ್‌ಝೋಮ್ ಕರೆ ಮಾಡಿದಳು. ಅಮ-ಲಾ ಊಟ ಬಿಟ್ಟಿದ್ದಾರೆ, ಬರುವುದಾದರೆ ಈಗಲೇ ಬನ್ನಿ. ಪೆಲ್ಮೊ ಜೊತೆಗೆ ನನ್ನನ್ನೂ ಕರೆದಳು. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದುಕೊಂಡು, "ಸಿಗ್ಲಿಲ್ಲ. ವಾಪಸು ತಗೋಬೇಕು ಅಷ್ಟೇ" ಎಂದಳು.

ನೋರ್ಜೋಮ್ ಬಹಳ ಇಳಿದುಹೋಗಿದ್ದಳು, ಆದರೆ ಕಣ್ಣು ಚುರುಕಾಗಿತ್ತು. ಮಗಳನ್ನು ನೋಡಿ, "ಬಂದ್ಯಾ, ಗಾಳಿ" ಎಂದಳು. ಚಿಕ್ಕಂದಿನ ಅಡ್ಡಹೆಸರು. ಪೆಲ್ಮೊ ಮಂಚದ ಪಕ್ಕ ನೆಲಕ್ಕೆ ಕೂತಳು. ಯಾಂಗ್‌ಝೋಮ್ ಬೆಣ್ಣೆ ಚಹಾ ತಂದಿಟ್ಟಳು. ಅದು ಮುಟ್ಟುವ ಮೊದಲೇ ಪೆಲ್ಮೊ ಹೇಳಿಬಿಟ್ಟಳು.

"ಅಮ-ಲಾ, ಹೋದ ಸಲ ಗೊತ್ತು ಅಂದೆ. ಆಗ ನನಗೆ ಗೊತ್ತಿರಲಿಲ್ಲ. ನಂಬಿಕೆ ಇತ್ತು. ಗೊತ್ತು ಅಂದಿದ್ದು ಸುಳ್ಳು."

ಮಾತಾಡಿದ್ದು ಯಾಂಗ್‌ಝೋಮ್, ಭಿಕ್ಷುಣಿಯನ್ನು ಕರೆಯುವ ಮರ್ಯಾದೆಯಿಂದಲೇ. "ಇದನ್ನ ಹೇಳೋಕೆ ಬಸ್ ಹತ್ತಿ ಬಂದ್ರಾ ಅನಿ-ಲಾ? ನೀವು ಗೊತ್ತು ಅಂದ ಮೇಲೆ ಅವರು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರು. ನಾಲ್ಕಕ್ಷರ ಕಲಿತವರು ಇಷ್ಟು ಒಳ್ಳೆ ಮಾತನ್ನ ಕಿತ್ಕೊಳ್ಳೋಕೆ ಓದೋದಾ?" ಅವಳ ಕಣ್ಣಲ್ಲಿ ನೀರಿತ್ತು. ಪಾತ್ರೆ ಹಿಡಿದುಕೊಂಡು ಒಳಗೆ ಹೋದಳು. ಅವಳು ಹೇಳಿದ್ದು ತಪ್ಪು ಎಂದು ನನಗೆ ಆಗ ಅನಿಸಲಿಲ್ಲ.

ಬಹಳ ಹೊತ್ತಾದ ಮೇಲೆ ನೋರ್ಜೋಮ್, "ಈಗ?" ಎಂದಳು.

"ಈಗ ಅರ್ಧ ದಾರೀಲಿದ್ದೀನಿ."

"ಹಾಗಾದ್ರೆ ಅರ್ಧ ದಾರಿ ಹೇಳು. ನನಗೂ ಹೊತ್ತು ಹೋಗ್ಬೇಕಲ್ಲ." ಉಸಿರೆಳೆದುಕೊಂಡು, "ನಾನೂ ಯೋಚನೆ ಮಾಡಿದ್ದೀನಿ. ಆ ಮಗು ಬಾಯಿ ತಿರುಗಿಸಿ ಮೊಲೆ ಹುಡುಕ್ತು. ಯಾರು ಕಲ್ಸಿದ್ರು ಅದಕ್ಕೆ? ಮುಂಚೆ ಎಲ್ಲೋ ಕಲ್ತಿರಬೇಕು" ಎಂದಳು.

ಅದಕ್ಕೆ ಹೂಂ ಎಂದಿದ್ದರೆ ಎಲ್ಲ ಮುಗಿದಿರುತ್ತಿತ್ತು. ಪೆಲ್ಮೊಳ ಕೈ ಹಾಸಿಗೆಯ ಅಂಚನ್ನು ಹಿಂಡುತ್ತಿತ್ತು. ನಾನು ಮನಸ್ಸಿನಲ್ಲೇ ಮಂತ್ರ ಹೇಳಿಕೊಂಡೆ.

"ಗಿಡವೂ ಬಿಸಿಲ ಕಡೆ ತಿರುಗುತ್ತೆ ಅಮ-ಲಾ" ಎಂದಳು ಕೊನೆಗೆ. "ಮೈಯೇ ಹಾಗೆ ಮಾಡಬಹುದು. ಅದರಿಂದ ಇದು ಬರಲ್ಲ."

"ಅದೂ ಇಲ್ವಾ?"

"ಅದಿಲ್ಲ. ನೋಡ್ತು ಅಂದ್ರಲ್ಲ. ಅದನ್ನ ಹಿಡ್ಕೊಳ್ಳಿ. ನೋಡ್ತು ಅಂದ್ರೆ ಅರಿವಿತ್ತು."

"ಅರಿವಿತ್ತು. ಅದರಲ್ಲಿ ಅನುಮಾನ ಇಲ್ಲ."

"ಅರಿವು ಅನ್ನೋದು ಇನ್ನೊಂದು ಅರಿವಿನ ಬೆನ್ನಿಗೇ ಬರೋದು. ಅದರ ಗುಣವೇ ಹಾಗೆ. ಆದ್ದರಿಂದ ಆ ಮಗೂಗೂ ಮುಂಚಿನದಿತ್ತು."

ನೋರ್ಜೋಮ್ ಮಗಳ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ, ಕೈಚಾಚಿ ಬೋಳುತಲೆ ಸವರಿದಳು. "ಆಯ್ತು ಮಗಳೇ. ಒಪ್ಪಿದೆ. ನೀನು ಚಹಾ ಕುಡಿ."

"ನನಗೋಸ್ಕರ ಒಪ್ಪಬೇಡಿ."

"ಮತ್ತೇನು ಹೇಳ್ಲಿ?"

"ಯಾಕೆ ಅಂತ ಕೇಳಿ."

"ಅಯ್ಯೋ" ಎಂದಳು ನೋರ್ಜೋಮ್. "ಜೀವನವಿಡೀ ನೀನು ಕೇಳ್ದೆ ಅಂತ ನಾನೂ ಈಗ ಶುರು ಮಾಡ್ಕೋಬೇಕಾ?" ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಸರಿ. ಯಾಕೆ?" ಎಂದಳು.

ನಾವು ಅಲ್ಲೇ ಉಳಿದೆವು. ನೋರ್ಜೋಮ್ ನಡುನಡುವೆ ಗಂಜಿ ಕುಡಿಯತೊಡಗಿದಳು. ಬಲ ಬಂದಿತ್ತೆಂದಲ್ಲ. ಕೇಳಲು ಉಸಿರು ಬೇಕಿತ್ತು. ಅವಳ ಪ್ರಶ್ನೆಗಳು ಅಂಗಳದವುಗಳಂತೆ ಇರಲಿಲ್ಲ. ಅಡ್ಡಾದಿಡ್ಡಿ ಓಡುತ್ತಿದ್ದವು, ಕೆಲವಕ್ಕೆ ತಲೆಬುಡವೇ ಇರಲಿಲ್ಲ. ಹಾಗಾದರೆ ನಾಯಿಗೂ ಇದೆಯಾ? ನಿದ್ದೆಯಲ್ಲಿ ಅದೆಲ್ಲಿರುತ್ತದೆ? ಮೊಟ್ಟಮೊದಲನೆಯದು ಯಾವುದು? ಆದರೆ ಅವಳಿಗೆ ಬೇಕಾಗಿತ್ತು. ಬೇಕಾಗಿ ಕೇಳುವವಳ ಮುಂದೆ ಕೂತು ಪೆಲ್ಮೊಗೆ ಯಾವ ಮಾತನ್ನೂ ಹಾರಿಸಿ ಮುಂದೆ ಹೋಗಲಾಗುತ್ತಿರಲಿಲ್ಲ. ಕಟ್ಟಿಗೆ ಮತ್ತು ಬೆಂಕಿಯ ಮಾತಿಗೆ ಅರ್ಧ ದಿನ ಹಿಡಿಯಿತು. ಯಾಂಗ್‌ಝೋಮ್ ಬಾಗಿಲಲ್ಲಿ ನಿಂತು, "ಒಲೆ ಹಚ್ಚೋಕೆ ಕಟ್ಟಿಗೆ ಕೊಡ್ತೀರಾ, ಇಲ್ಲ ಅದೂ ವಾದಕ್ಕೇ ಬೇಕಾ?" ಎಂದು ಕೇಳಿದಳು. ಅವಳ ಸಿಟ್ಟು ಇಳಿದಿರಲಿಲ್ಲ, ಆದರೆ ಬಾಗಿಲು ಬಿಟ್ಟು ಹೋಗುತ್ತಲೂ ಇರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಪೆಲ್ಮೊ ಅದೇ ಮಾತನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಆ ಮಗು ನೋಡಿತು. ನೋಡುವುದು ಅರಿವು. ಅರಿವಿನ ಸ್ವಭಾವ ಹೀಗೆ, ಅದು ಕಲ್ಲಿನಿಂದ ಎದ್ದು ನಿಲ್ಲುವಂಥದ್ದಲ್ಲ, ಅರಿವನ್ನೇ ಹಿಡಿದು ಬರುವಂಥದ್ದು. ಆದ್ದರಿಂದ... ಎಂದವಳು ಅಲ್ಲೇ ನಿಂತಳು. ಮಾತು ಮುಗಿಸಲಿಲ್ಲ. ಸದಾ ಏನಾದರೂ ತಡವುತ್ತಿದ್ದ ಕೈಗಳು ತೊಡೆಯ ಮೇಲೆ ಹಾಗೇ ಉಳಿದವು. ಅವಳನ್ನು ಅಷ್ಟು ವರ್ಷ ನೋಡಿದವಳಿಗೆ ಅದು ಹೊಸ ನೋಟ.

ಆ ಕ್ಷಣದಲ್ಲಿ ಏನಾಯಿತು ಎಂದು ಆಮೇಲೆ ಕೇಳಿದೆ. ಎರಡೂ ಒಟ್ಟಿಗೆ ಇದ್ದವು, ಒಂದನ್ನೂ ಕೆಳಗಿಡಲಿಲ್ಲ, 'ಆದ್ದರಿಂದ' ಎನ್ನುವ ಮಾತು ಬೇಕಾಗಲಿಲ್ಲ ಎಂದಳು. ಅದಕ್ಕಿಂತ ಹೆಚ್ಚಿಗೆ ನಾನು ಬರೆಯಲಾರೆ. ಆ ವಾದವನ್ನು ನಾನೂ ಇಲ್ಲಿ ಪೂರ್ತಿ ಬರೆದಿದ್ದೇನೆ. ಓದಿದವರಿಗೆ ಅವಳಿಗಾದದ್ದು ಆಗಬೇಕೆಂದೇನೂ ಇಲ್ಲ. ನನಗೂ ಆಗಿಲ್ಲ.

"ಯಾಕೆ ನಿಲ್ಲಿಸಿದೆ?" ಎಂದಳು ನೋರ್ಜೋಮ್.

"ಗೊತ್ತಾಯ್ತು ಅಮ-ಲಾ."

"ಈ ಸಲ ನಿಜವಾಗ್ಲೂ?"

"ನಿಜವಾಗ್ಲೂ. ನಾಳೆ ಬೆಳಿಗ್ಗೆ ಇರುತ್ತೋ ಇಲ್ವೋ ಹೇಳಲಾರೆ. ಮತ್ತೆ ಹಿಡೀಬೇಕಾಗಬಹುದು. ಈಗ ಗೊತ್ತು."

ಹೊರಗೆ ಯಾರೋ ಕುರಿ ಅಟ್ಟಿಕೊಂಡು ಹೋದರು. ಯಾಂಗ್‌ಝೋಮ್ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ನನಗಿನ್ನೂ ಆಗಿಲ್ಲ" ಎಂದಳು ನೋರ್ಜೋಮ್. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. ದಿಂಬನ್ನು ಮೇಲಕ್ಕೆ ಸರಿಸಲು ಸೊಸೆಗೆ ಸನ್ನೆ ಮಾಡಿದಳು. ನೆಟ್ಟಗೆ ಕೂತಳು. "ಆ ಕಲ್ಲಿನ ಮಾತಿದೆಯಲ್ಲ, ಅಲ್ಲಿ ನನಗೆ ತಪ್ಪಿ ಹೋಗುತ್ತೆ. ಅಲ್ಲಿಂದ ಇನ್ನೊಂದ್ಸಲ ಹೇಳು. ನಿಧಾನಕ್ಕೆ."